ಮೊದಲು ಸ್ಟೂಲ್, ಆಮೇಲೆ ಮಷಿನ್

ಕೇಳುಗರಿಗೆಲ್ಲ ಶರಣು.

ಕಲಬುರಗಿಯ ವೈದ್ಯಕೀಯ ಕಾಲೇಜೊಂದರ ಮೆಡಿಸಿನ್ ವಿಭಾಗಕ್ಕೆ ಹೊಸದಾಗಿ ಮುಖ್ಯಸ್ಥನಾಗಿ ಬಂದಿದ್ದೇನೆ. ಬಂದಾಗಿನಿಂದ ಎಲ್ಲರದೂ ಒಂದೇ ಪ್ರಶ್ನೆ: ಸಾಹೇಬ್ರೇ, ಹೊಸ ಮಷಿನ್ ಯಾವಾಗ ತರಿಸ್ತೀರಿ? ತರಿಸೋಣ, ಬೇಡ ಅಂದವರು ಯಾರು? ಆದರೆ ನಾನು ಮೊದಲು ಕೇಳಿದ್ದು ಸ್ಟೂಲು. ವಾರ್ಡಿನ ಪ್ರತಿ ಮಂಚದ ಪಕ್ಕ ಒಂದೊಂದು ಸ್ಟೂಲು. ವಿದ್ಯಾರ್ಥಿ ಅದರ ಮೇಲೆ ಕೂರಬೇಕು, ರೋಗಿಯ ಮಾತು ಪೂರ್ತಿ ಕೇಳಬೇಕು. ನನ್ನ ವಿಭಾಗದ ಮೊದಲ ಕೆಲಸ ಇದು. ಎರಡನೆಯದೂ ಇದೇ.

ಯಾಕೆ ಅಂತೀರಾ? ನಾನು ಬೇರೊಂದು ಊರಲ್ಲಿ ಪಿ.ಜಿ. ಓದುತ್ತಿದ್ದಾಗಿನ ಮಾತು. ಅಲ್ಲಿಗೆ ಆಳಂದ ಕಡೆಯ ಒಬ್ಬ ಮುತ್ಯಾ ಬರುತ್ತಿದ್ದರು. ಸಕ್ಕರೆ ಕಾಯಿಲೆ, ಇನ್ಸುಲಿನ್ ಮೇಲಿದ್ದರು. ಬಂದಾಗಲೆಲ್ಲ ಶುಗರ್ ಮುನ್ನೂರರ ಮೇಲೆ. ಡೋಸ್ ಏರಿಸಿ ಕಳಿಸುತ್ತಿದ್ದರು, ಮತ್ತೆ ಅಷ್ಟೇ. ಕೊನೆಗೆ ಅಡ್ಮಿಟ್ ಮಾಡಿದರು. ಸಿಸ್ಟರ್ ಅದೇ ಡೋಸ್ ಚುಚ್ಚಿದರೆ ಮುತ್ಯಾ ಬೆವತು, ಕೈ ನಡುಗಿ, ಕಣ್ಣು ಮಂಜಾಗಿ ಮಲಗಿಬಿಟ್ಟರು. ಶುಗರ್ ಪಾತಾಳಕ್ಕೆ ಇಳಿದಿತ್ತು. ಮನೆಯಲ್ಲಿ ಏರುತ್ತೆ, ಆಸ್ಪತ್ರೆಯಲ್ಲಿ ಬೀಳುತ್ತೆ! ‘ಸೂಜಿ ಸರಿಯಾಗಿ ತಗೊಳ್ಳಲ್ಲ, ಹೇಳಿದ ಮಾತು ಕೇಳಲ್ಲ’ ಅಂತ ಕೇಸ್ ಶೀಟಿನಲ್ಲಿ ಬರೆದೂ ಆಯಿತು.

ಆಗ ಜೇವರ್ಗಿ ಕಡೆಯ ಒಬ್ಬ ಹೌಸ್ ಸರ್ಜನ್ ಹುಡುಗಿ ಮಂಚದ ಅಂಚಿಗೆ ಕೂತಳು. “ಮುತ್ಯಾ, ಮನ್ಯಾಗ ಸೂಜಿ ಹ್ಯಾಂಗ ಹಾಕೋತೀರಿ? ಒಮ್ಮೆ ಮಾಡಿ ತೋರಸ್ರಿ” ಅಂದಳು. ಮುತ್ಯಾ ತಲೆದಿಂಬಿನ ಕೆಳಗಿಂದ ಬಟ್ಟೆ ಚೀಲ ತೆಗೆದರು. ಬಾಟಲಿಯ ಮೇಲೆ 40 ಅಂತ ಇತ್ತು, ಅಂದರೆ ಒಂದು ಎಂ.ಎಲ್.ನಲ್ಲಿ 40 ಯೂನಿಟ್ ಇನ್ಸುಲಿನ್. ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ಅದು 100ರ ಸಿರಿಂಜ್, ಒಂದು ಎಂ.ಎಲ್.ನಲ್ಲಿ 100 ಯೂನಿಟ್ ಇರುವ ಬಾಟಲಿಗೆ ಅಂತ ಗೆರೆ ಹಾಕಿದ್ದು. ಊರಿನ ಅಂಗಡಿಯಲ್ಲಿ ಅದೇ ಸಿಕ್ಕಿತ್ತು, ತಂದಿದ್ದರು. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ಅರ್ಧವೂ ಇಲ್ಲ. ಮುತ್ಯಾ ಒಂದು ಹೊತ್ತೂ ಸೂಜಿ ತಪ್ಪಿಸಿರಲಿಲ್ಲ. ವಾರ್ಡಿನಲ್ಲಿ ಸರಿಯಾದ ಸಿರಿಂಜಿನಲ್ಲಿ ಪೂರ್ತಿ ಡೋಸ್ ಹೋಯಿತು, ಶುಗರ್ ಬಿತ್ತು. ಇಷ್ಟೇ ವಿಷಯ. ಅಷ್ಟು ಸಲ ರಕ್ತ ಪರೀಕ್ಷೆ ಮಾಡಿಸಿದರೂ ಇದು ಗೊತ್ತಾಗಿರಲಿಲ್ಲ, ಗೊತ್ತಾಗುವಂಥದ್ದೂ ಅಲ್ಲ. ಯಾರಾದರೂ ಕೂತು ಕೇಳಬೇಕಿತ್ತು ಅಷ್ಟೇ.

ಇದು ನನ್ನೊಬ್ಬನ ಹಟ ಅಲ್ಲ. 1975ರಲ್ಲಿ ಬ್ರಿಟನ್ನಿನ ವೈದ್ಯರು 80 ಹೊಸ ರೋಗಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರು. ಕಳಿಸಿದ ಡಾಕ್ಟರ ಚೀಟಿ ಓದಿ, ರೋಗಿಯ ಮಾತು ಕೇಳಿದಷ್ಟಕ್ಕೇ 66 ಜನರ ಕಾಯಿಲೆ ಸರಿಯಾಗಿ ಗೊತ್ತಾಗಿತ್ತು. ಈಗ ಸ್ಕ್ಯಾನಿಂಗ್ ಬಂದಿದೆ, ಒಳ್ಳೆಯದೇ. ಆದರೆ ಯಾವ ಸ್ಕ್ಯಾನ್ ಮಾಡಿಸಬೇಕು ಅಂತ ತಿಳಿಯುವುದಕ್ಕೂ ಮೊದಲು ಕೇಳಬೇಕು, ಅಲ್ವಾ?

ನಮ್ಮ ವಾರ್ಡಿನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲ ಕಿವಿಗೆ ಬೀಳುತ್ತವೆ. ದೂರದಿಂದ ಓದಲು ಬಂದ ಮಕ್ಕಳಿಗೆ ಕಷ್ಟವೇ, ಒಪ್ಪುತ್ತೇನೆ. ಆದರೂ ಕಲಿಯಬೇಕು. ‘ಎಲ್ಲಿ ನೋವದ? ಯಾವಾಗಿಂದ?’ ಅಂತ ಕೇಳಲು ಬಾರದೆ ಸುಮ್ನೆ ರಿಪೋರ್ಟ್ ತಿರುವಿ ಹಾಕುವವರನ್ನು ನಾನು ಮುಂದಿನ ಮಂಚಕ್ಕೆ ಬಿಡುವುದಿಲ್ಲ.

ಇನ್ನೂ ಎರಡು ವಿಷಯ ಇದ್ದವು, ಸಮಯ ಓಡುತ್ತಿದೆ. ಒಂದು, ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಕನ್ನಡದಲ್ಲಿ ಬರೆಯಬೇಕು. ಇನ್ನೊಂದು, ನಮ್ಮ ವಿಭಾಗದ ಸಂಶೋಧನೆ ಇಲ್ಲಿನ ಜನರ ಕಾಯಿಲೆಗಳ ಮೇಲೆ ನಡೆಯಬೇಕು: ಬೇಸಿಗೆಯ ಬಿಸಿಲಿನ ಹೊಡೆತ, ಹೊಲದಲ್ಲಿ ಹಾವು ಕಡಿತ. ಇದರ ಬಗ್ಗೆ ಇನ್ನೊಮ್ಮೆ ಕರೆದರೆ ಮಾತಾಡುತ್ತೇನೆ.

ನಿಮ್ಮಿಂದಲೂ ಒಂದು ಸಹಾಯ ಬೇಕು. ಆಸ್ಪತ್ರೆಗೆ ಬರುವಾಗ ಮನೆಯಲ್ಲಿರುವ ಗುಳಿಗೆ, ಖಾಲಿಯಾದ ಪಟ್ಟಿ, ಸಿರಿಂಜ್, ಹಳೆಯ ಚೀಟಿ ಎಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಬನ್ನಿ. ನಾಟಿ ಔಷಧ ತಗೊಂಡಿದ್ದರೆ ಅದನ್ನೂ ಹೇಳಿ, ನಾವು ಬೈಯಲ್ಲ. ಬಾಟಲಿಯಿಂದ ಇನ್ಸುಲಿನ್ ಎಳೆದುಕೊಳ್ಳುವವರು ಈಗಲೇ ಎದ್ದು ನೋಡಿ. ಬಾಟಲಿ 40 ಇದ್ದರೆ ಸಿರಿಂಜಿನ ಮೇಲೂ 40 ಇರಬೇಕು, ಮುಚ್ಚಳ ಕೆಂಪು. 100 ಇದ್ದರೆ 100, ಮುಚ್ಚಳ ಕಿತ್ತಳೆ. ಹೊಂದದಿದ್ದರೆ ನೀವೇ ಡೋಸ್ ಹೆಚ್ಚು ಕಮ್ಮಿ ಮಾಡಬೇಡಿ. ಎರಡನ್ನೂ ಕೈಯಲ್ಲಿ ಹಿಡಿದು ಇವತ್ತೇ ನಿಮ್ಮ ಡಾಕ್ಟರ ಹತ್ತಿರ ಹೋಗಿ.

ನಮಸ್ಕಾರ.