ಪುರಾಣ ಹಚ್ಚುವುದು

ಧಾರವಾಡದ ಓದುಗ ಬಂಧುಗಳೇ, ನಮಸ್ಕಾರ.

ಶ್ರಾವಣ ಬಂತೆಂದರೆ ನಮ್ಮ ಹಾವೇರಿ, ಗದಗ ಕಡೆಯ ಮಠಗಳಲ್ಲಿ ಪುರಾಣ ಶುರು. ಜನ ರಾತ್ರಿ ಊಟ ಮುಗಿಸಿ ಬಂದು ಕೂರುತ್ತಾರೆ. ಶಾಸ್ತ್ರಿಗಳು ಹೇಳುತ್ತಾರೆ, ಗವಾಯಿಗಳು ಹಾಡುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಎಷ್ಟೋ ಅಂಧ ಗಾಯಕರು ಹೀಗೆ ಊರೂರಿಗೆ ಹೋಗಿ ಹಾಡಿದ್ದಾರೆ. ಕೊನೆಯ ದಿನ ಪುರಾಣ ಮಂಗಲ, ಊರಿಗೆಲ್ಲ ಊಟ. ಇದನ್ನು ನಮ್ಮವರು ‘ಮಠದಾಗ ಪುರಾಣ ಹಚ್ಚ್ಯಾರ’ ಅಂತ ಭಕ್ತಿಯಿಂದ ಹೇಳುತ್ತಾರೆ.

ಅದೇ ಜನ, ಮನೆಯಲ್ಲಿ ಅಪ್ಪ ಮಗನಿಗೆ ಒಂದು ತಾಸು ಬುದ್ಧಿ ಹೇಳಿದರೆ, ‘ಏನ್ ಪುರಾಣ ಹಚ್ಚೀರಿ, ಸಾಕು ಮಾಡ್ರಿ’ ಅನ್ನುತ್ತಾರೆ. ಹೊಗಳಿಕೆಗೂ ಅದೇ ಮಾತು, ಬೇಸರಕ್ಕೂ ಅದೇ ಮಾತು. ಹೇಳಿದ ನೀತಿಯೂ ಬಹುಶಃ ಅದೇ. ಬದಲಾಗಿದ್ದು ಒಂದೇ: ಮಠಕ್ಕೆ ಕೇಳುವವರು ತಾವಾಗಿ ಎದ್ದು ಬಂದಿದ್ದರು. ಮಗ ಬಂದಿರಲಿಲ್ಲ.

ಈ ಬಗೆಯ ನಮ್ಮ ಪದಗಳನ್ನು ನಾನು ಬಹಳ ದಿನದಿಂದ ಕೂಡಿಸುತ್ತಿದ್ದೇನೆ. ‘ಭಾಷಣ ಮಾಡಿದ’ ಅಂದರೆ ಸರಿ, ‘ಭಾಷಣ ಬಿಗಿದ’ ಅಂದರೆ ಬೇಸರ. ‘ಬುದ್ಧಿ ಹೇಳ್ತೀನಿ’ ಪ್ರೀತಿ, ‘ಬುದ್ಧಿ ಕಲಿಸ್ತೀನಿ’ ಬೆದರಿಕೆ. ‘ಕೊರೆಯುವುದು’ ಎಲ್ಲ ಕಡೆ ಇದೆ. ‘ಭಾಳ ಶಾಣ್ಯಾತನ ಮಾಡಬ್ಯಾಡ’ ಅನ್ನುವುದು ನಮ್ಮ ಕಡೆಯದು, ಜಾಣ ಅನ್ನುವ ಅರ್ಥದ ಮರಾಠಿಯ ಶಹಾಣಾದಿಂದ ಬಂದದ್ದು. ಇನ್ನು ‘ಉಪದೇಶ’. ಉಪ ಅಂದರೆ ಹತ್ತಿರ, ದಿಶ್ ಅಂದರೆ ತೋರಿಸು. ಹತ್ತಿರ ಕೂರಿಸಿಕೊಂಡು ತೋರಿಸುವುದು. ಗುರು ಶಿಷ್ಯನ ಕಿವಿಯಲ್ಲಿ ಹೇಳುವ ಮಂತ್ರಕ್ಕೂ ಇದೇ ಹೆಸರು. ಇದನ್ನೇ ‘ಪುಕ್ಕಟೆ ಉಪದೇಶ’ ಅಂದು ನೋಡಿ. ಹತ್ತಿರವಿದ್ದವರು ಎದ್ದು ಹೋದಂತಾಗುತ್ತದೆ.

ಬರವಣಿಗೆಯಲ್ಲಿ ಹೀಗೆ ಎಲ್ಲವನ್ನೂ ಬಿಡಿಸಿ ಹೇಳಿಬಿಡುವುದಕ್ಕೆ ವಿಮರ್ಶಕರ ಪದ ‘ವಾಚ್ಯ’. ನನಗೆ ಈ ಪದ ತಗುಲಿದ್ದು ನನ್ನದೇ ಕಥೆಯಿಂದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಒಬ್ಬ ಹೆಣ್ಣುಮಗಳ ಕಥೆ ಬರೆದಿದ್ದೆ. ಕೈ ಉರಿಯುತ್ತದೆ, ರಾತ್ರಿ ಮಗುವಿನ ಕಣ್ಣು ಒರೆಸಲು ಅವಳು ಹೆದರುತ್ತಾಳೆ. ಆಮೇಲೆ ದುಡಿಮೆಯ ಬೆಲೆ ಏನು ಅಂತ ನಾನೇ ಒಂದು ಪ್ಯಾರಾ ಬರೆದೆ. ಸಂಪಾದಕರು ಅಂಚಿನಲ್ಲಿ ಬರೆದದ್ದು ಇಷ್ಟೇ: ‘ಕೊನೆ ವಾಚ್ಯವಾಯಿತು.’ ಅವರಿಗೆ ನೀತಿ ಬೇಡ ಅಂತ ನಾನು ತಿಳಿದೆ, ಸಿಟ್ಟು ಬಂತು. ತಿಳಿದದ್ದು ತಪ್ಪು. ಆ ಹೆಣ್ಣುಮಗಳು ಕೈ ಹಿಂದಕ್ಕೆ ತೆಗೆದುಕೊಂಡಾಗಲೇ ಎಲ್ಲ ಹೇಳಿ ಆಗಿತ್ತು. ನಾನು ಅವಳ ಮಾತನ್ನೇ ತಡೆದಿದ್ದೆ.

ವಾಚ್ಯಕ್ಕೆ ಜೋಡಿ ಪದ ಧ್ವನಿ, ಅಂದರೆ ಮಾತಿನ ಹಿಂದೆ ಕೇಳಿಸುವುದು. 9ನೇ ಶತಮಾನದಲ್ಲಿ ಕಾಶ್ಮೀರದ ಕಾವ್ಯ ಪಂಡಿತ ಆನಂದವರ್ಧನ ಇದನ್ನು ಕಾವ್ಯದ ಜೀವ ಅಂದ. ಆದರೆ ನನಗೆ ಜಾಸ್ತಿ ಹತ್ತಿರವಾಗುವವನು 11ನೇ ಶತಮಾನದ ಇನ್ನೊಬ್ಬ ಕಾವ್ಯ ಪಂಡಿತ ಮಮ್ಮಟ. ಅವನು ನೀತಿಯನ್ನು ದೂರ ಇಡಲಿಲ್ಲ, ಹೇಳುವ ದನಿಗಳನ್ನು ಬೇರೆ ಮಾಡಿ ತೋರಿಸಿದ. ವೇದ ಒಡೆಯನಂತೆ ಅಪ್ಪಣೆ ಕೊಡುತ್ತದೆ. ಪುರಾಣ ಗೆಳೆಯನಂತೆ ಹೇಳುತ್ತದೆ. ಕಾವ್ಯ ಪ್ರೀತಿಯ ಹೆಂಡತಿಯಂತೆ ಮನಸ್ಸು ಒಲಿಸಿಕೊಂಡು ಹೇಳುತ್ತದೆ. ಹೌದು, ಪುರಾಣ ಗೆಳೆಯನ ದನಿ! ನಮ್ಮ ಮನೆಗಳಲ್ಲಿ ಅದು ಒಡೆಯನ ದನಿಯಾದಾಗಲೇ ‘ಪುರಾಣ ಹಚ್ಚೀರಿ’ ಅನ್ನಿಸಿಕೊಳ್ಳುತ್ತದೆ.

ಸರ್ವಜ್ಞನನ್ನು ನೋಡಿ. ಹಿರೇಕೆರೂರು ತಾಲೂಕಿನ ಅಬಲೂರಿನವನು ಅಂತ ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಸಾಲ, ಊಟ, ಸೊಕ್ಕು, ದಾನ, ಅವನು ನೀತಿ ಹೇಳದ ವಿಷಯವೇ ಇಲ್ಲ. ಆದರೂ ‘ಸರ್ವಜ್ಞ ಕೊರೀತಾನ’ ಅಂತ ಯಾರೂ ಅಂದದ್ದು ನಾನು ಕೇಳಿಲ್ಲ. ಮೂರು ಸಾಲಿನಲ್ಲಿ ಮುಗಿಸುತ್ತಾನೆ ಅನ್ನುವುದು ಒಂದು. ಇನ್ನೊಂದು, ಎಲ್ಲರಿಂದ ಒಂದೊಂದು ನುಡಿ ಕಲಿತೆ ಅಂತ ಅವನೇ ಹೇಳಿಕೊಂಡಿದ್ದಾನೆ. ಕಲಿತವನಾಗಿ ಮಾತಾಡುವವನ ಪಕ್ಕ ಕೂರಲು ಯಾರಿಗೂ ಕಷ್ಟವಿಲ್ಲ.

ನನ್ನ ಪಟ್ಟಿಯಲ್ಲಿ ಒಂದು ಕೊರತೆ ಇದೆ. ಹೆಚ್ಚಿನವು ಕಟ್ಟೆಯ ಮೇಲೆ ಗಂಡಸರು ಆಡುವ ಮಾತುಗಳು. ಅಡುಗೆಮನೆಯಲ್ಲಿ ಅತ್ತೆ ಬುದ್ಧಿ ಹೇಳಿ ಹೋದಮೇಲೆ ಸೊಸೆಯಂದಿರು ತಮ್ಮೊಳಗೆ ಏನಂತಾರೆ? ನವಲಗುಂದದ ಕಡೆ ಒಂದಿರಬಹುದು, ರೋಣದ ಕಡೆ ಇನ್ನೊಂದಿರಬಹುದು. ಇಲ್ಲಿರುವ ತಾಯಂದಿರು, ಅಕ್ಕಂದಿರು ಚಹಾ ಕುಡಿಯುವಾಗ ದಯವಿಟ್ಟು ನನಗೆ ಹೇಳಿ. ಬರೆದುಕೊಳ್ಳಲು ವಹಿ ತಂದಿದ್ದೇನೆ.