ಪೀಪಾಯಿಯ ಬೆಂಕಿಯಿಂದ ಉಳಿದದ್ದು: ಹೆಲ್ಗಾ ಎಸ್ಟ್‌ಬಿಯ ನೆನಪು

ಹಿರಿಯರೇ, ಗೆಳೆಯರೇ,

1942ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಎಂಬತ್ತೊಂದು ವರ್ಷದ ಒಬ್ಬ ಮುದುಕಿ ತೀರಿಕೊಂಡಳು. ಆಕೆಯ ಸಾಮಾನುಗಳನ್ನು ತೆಗೆದು ಒಪ್ಪ ಮಾಡುವಾಗ ಹೆಣ್ಣುಮಕ್ಕಳಿಬ್ಬರ ಕೈಗೆ ನೂರಾರು ಹಾಳೆಗಳ ಒಂದು ಕಟ್ಟು ಸಿಕ್ಕಿತು. ಎಲ್ಲವೂ ತಾಯಿ ಕೂತು ಬರೆದಿಟ್ಟ ಆತ್ಮಕಥೆ. ಅವರು ಅದನ್ನು ಓದಲಿಲ್ಲ, ಎತ್ತಿಡಲಿಲ್ಲ. ಪೀಪಾಯಿಯಲ್ಲಿ ಬೆಂಕಿ ಮಾಡಿ ಅದರೊಳಗೆ ಹಾಕಿದರು. ಮನೆಯ ಸೊಸೆಯೊಬ್ಬಳು ಮಾತ್ರ ಹಳೆಯ ದಿನಪತ್ರಿಕೆಯ ಎರಡು ತುಣುಕುಗಳನ್ನು ಯಾರ ಕಣ್ಣಿಗೂ ಬೀಳದಂತೆ ತೆಗೆದಿಟ್ಟುಕೊಂಡಳು.

ಆ ಮುದುಕಿಯ ಹೆಸರು ಹೆಲ್ಗಾ ಎಸ್ಟ್‌ಬಿ. ಇಂದು ನಾನು ಆಕೆಯನ್ನು ನೆನೆಯಲು ನಿಂತಿದ್ದೇನೆ. ಸೊಸೆ ಆ ತುಣುಕುಗಳನ್ನು ಎತ್ತಿಡದೇ ಹೋಗಿದ್ದರೆ ಈ ಹೆಸರು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲವೇನೋ.

ಹೆಲ್ಗಾ ಹುಟ್ಟಿದ್ದು 1860ರಲ್ಲಿ, ನಾರ್ವೆಯ ಕ್ರಿಸ್ಟಿಯಾನಿಯಾದಲ್ಲಿ. ಇಂದು ಆ ಊರನ್ನು ಓಸ್ಲೋ ಎನ್ನುತ್ತೇವೆ. 1825ರಲ್ಲಿ ಸ್ಟಾವಂಗರ್ ಬಂದರಿನಿಂದ ಒಂದು ಸಣ್ಣ ಹಾಯಿ ಹಡಗು ಐವತ್ತೆರಡು ಜನರನ್ನು ಹೊತ್ತು ಅಮೆರಿಕಕ್ಕೆ ಹೊರಟಿತ್ತು. ಅದರ ಹಿಂದೆ ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ ನಾರ್ವೇಜಿಯನ್ನರು ಕಡಲು ದಾಟಿದರು. ಬೆಟ್ಟಗಳ ಸಂದಿಯಲ್ಲಿ ಅಂಗೈಯಗಲದ ಹೊಲ ಉತ್ತು ಬದುಕುತ್ತಿದ್ದವರಿಗೆ, ಅಲ್ಲಿ ಅರ್ಜಿ ಹಾಕಿ ಐದು ವರ್ಷ ಉತ್ತರೆ ನೂರರವತ್ತು ಎಕರೆ ನಿಮ್ಮದೇ ಎಂಬ ಸುದ್ದಿ ಕಾಗದಗಳ ಮೂಲಕ ತಲುಪುತ್ತಿತ್ತು. ಹನ್ನೊಂದರ ಹೆಲ್ಗಾ ತಾಯಿಯ ಜೊತೆ ಮಿಶಿಗನ್‌ಗೆ ಬಂದಳು. ಹದಿನಾರಕ್ಕೆ ನಾರ್ವೆಯವನೇ ಆದ ಬಡಗಿ ಓಲೆ ಎಸ್ಟ್‌ಬಿಯ ಕೈಹಿಡಿದಳು.

ಮಿನೆಸೋಟಾದ ಬಯಲಿನಲ್ಲಿ ಅವರ ಸಂಸಾರ ಹೂಡಿದ್ದು ಹುಲ್ಲುಹೆಂಟೆಯ ಮನೆಯಲ್ಲಿ. ಬಯಲಿನಲ್ಲಿ ಮರವಿಲ್ಲ. ಹುಲ್ಲಿನ ಬೇರು ಬಿಗಿಯಾಗಿ ಹಿಡಿದುಕೊಂಡ ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು, ಒಂದರ ಮೇಲೊಂದು ಪೇರಿಸಿ ಗೋಡೆ ಎಬ್ಬಿಸಬೇಕು. ಮಳೆ ಬಂದರೆ ಸೂರಿನಿಂದ ಕೆಸರು ತೊಟ್ಟಿಕ್ಕುತ್ತದೆ. ಅಂಥ ಮನೆಯಲ್ಲಿ ಬಾಣಂತನಗಳಾಗುತ್ತಿದ್ದವು ಎಂಬುದನ್ನು ಒಂದು ಕ್ಷಣ ಕಣ್ಣಮುಂದೆ ತಂದುಕೊಳ್ಳಿ.

ಮುಂದೆ ಅವರು ಪಶ್ಚಿಮಕ್ಕೆ, ಇಂದಿನ ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ನಗರಕ್ಕೆ ಹೋದರು. ಅಲ್ಲಿ ಹೆಲ್ಗಾ ರಸ್ತೆಯಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಳು. ಮತ್ತೊಬ್ಬಳಾಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದಳೇನೋ. ಈಕೆ ನಗರದ ಮೇಲೆಯೇ ದಾವೆ ಹೂಡಿ ಪರಿಹಾರ ಪಡೆದಳು. ಈ ಗಟ್ಟಿಗಿತ್ತಿಯ ಸ್ವಭಾವ ನನಗೆ ಮೊದಲು ಕಾಣಿಸಿದ್ದು ಇಲ್ಲಿಯೇ.

ಆಮೇಲೆ ಸ್ಪೊಕೇನ್‌ಗೆ ಹತ್ತಿರದ ಮೈಕಾ ಕ್ರೀಕ್‌ನಲ್ಲಿ ಜಮೀನು ಮಾಡಿದರು. 1893ರಲ್ಲಿ ಅಮೆರಿಕದಾದ್ಯಂತ ಬ್ಯಾಂಕುಗಳು ಮುಳುಗಿದವು, ಕೆಲಸಗಳು ನಿಂತವು. ಓಲೆಯ ಬೆನ್ನಿಗೆ ಪೆಟ್ಟು ಬಿದ್ದು ಬಡಗಿ ಕೆಲಸವೂ ಕೈಬಿಟ್ಟಿತು. ಅಡಮಾನದ ಸಾಲ ನೆತ್ತಿಯ ಮೇಲೆ ಕೂತಿತು. ಎಂಟು ಮಕ್ಕಳ ತಾಯಿ ಹೆಲ್ಗಾ ಆಗ ಒಂದು ಪಂಥಕ್ಕೆ ಒಪ್ಪಿಕೊಂಡಳು. ಹೆಂಗಸರು ಸ್ಪೊಕೇನ್‌ನಿಂದ ನ್ಯೂಯಾರ್ಕ್‌ಗೆ ಗೊತ್ತಾದ ಗಡುವಿನೊಳಗೆ ನಡೆದು ಬಂದರೆ ಹತ್ತು ಸಾವಿರ ಡಾಲರ್. ಹಣ ಕೊಡುತ್ತೇವೆಂದವರು ನ್ಯೂಯಾರ್ಕ್‌ನವರು, ಉಡುಪಿನ ವ್ಯಾಪಾರದ ನಂಟಿನವರು. ಅವರು ಯಾರೆಂಬುದು ಕೊನೆಗೂ ಹೊರಬೀಳಲಿಲ್ಲ.

1896ರ ಮೇ 5ರಂದು ಹೆಲ್ಗಾ ತನ್ನ ಹಿರಿಯ ಮಗಳು ಕ್ಲಾರಾಳನ್ನು ಕರೆದುಕೊಂಡು ಹೊರಟಳು. ಕೈಯಲ್ಲಿ ತಲಾ ಐದು ಡಾಲರ್. ಮಿಕ್ಕದ್ದನ್ನು ದಾರಿಯಲ್ಲಿ ದುಡಿದೇ ಗಳಿಸಬೇಕೆಂಬುದು ಷರತ್ತು. ಚೀಲದಲ್ಲಿ ಒಂದು ರಿವಾಲ್ವರ್, ಮೇಲೆ ಬೀಳುವವರ ಕಣ್ಣಿಗೆ ಎರಚಲು ಮೆಣಸಿನ ಪುಡಿ, ಊರಿನ ಮೇಯರ್ ಬರೆದುಕೊಟ್ಟ ಪರಿಚಯ ಪತ್ರ. ಅದರ ಜೊತೆಗೆ ಕೂದಲನ್ನು ಗುಂಗುರು ಮಾಡುವ ಕಬ್ಬಿಣದ ಚಿಮಟ! ಈ ಚಿಮಟ ನನಗೆ ಬಹಳ ಇಷ್ಟ. ಮೂರೂವರೆ ಸಾವಿರ ಮೈಲಿ ನಡೆಯಲು ಹೊರಟ ಹೆಂಗಸು, ಊರೂರಿನ ದೊಡ್ಡವರ ಮುಂದೆ ತಲೆ ಕೆದರಿಕೊಂಡು ನಿಲ್ಲಬಾರದೆಂದು ಆ ಭಾರವನ್ನೂ ಹೊತ್ತಳು.

ರೈಲು ಹಳಿಯೇ ಅವರ ದಾರಿ. ಹಳಿ ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ, ಸ್ಟೇಷನ್ನಿನಲ್ಲಿ ತಲೆಯ ಮೇಲೊಂದು ಸೂರು ಸಿಗುತ್ತದೆ. ದಿನಕ್ಕೆ ಇಪ್ಪತ್ತೈದು ಮೂವತ್ತು ಮೈಲಿ. ಕಂಡವರ ಮನೆಯಲ್ಲಿ ನೆಲ ಒರೆಸಿದರು, ಬಟ್ಟೆ ಹೊಲಿದರು, ತಮ್ಮದೇ ಫೋಟೋ ಮಾರಿದರು. ಐಡಾಹೋದಲ್ಲಿ ಹಳಿ ಬಿಟ್ಟು ಒಳದಾರಿ ಹಿಡಿಯಲು ಹೋಗಿ, ಲಾವಾ ಹೆಪ್ಪುಗಟ್ಟಿದ ಕಲ್ಲುಗಾಡಿನಲ್ಲಿ ಮೂರು ದಿನ ಅನ್ನವಿಲ್ಲದೆ ಅಲೆದರು. ಸಾಲ್ಟ್ ಲೇಕ್ ಸಿಟಿಯಿಂದ ಮುಂದೆ ಸೈಕಲ್ ಸವಾರಿಗೆಂದು ಬಂದಿದ್ದ ಗಿಡ್ಡ ಲಂಗ ತೊಡಬೇಕೆಂಬುದೂ ಷರತ್ತಿನಲ್ಲಿತ್ತು. ನೆಲ ಗುಡಿಸುವ ಲಂಗದ ಕಾಲದಲ್ಲಿ ಕಣಕಾಲು ಕಾಣಿಸುವುದು ಸಣ್ಣ ಮಾತಲ್ಲ. ಆದರೆ ಕೆಸರಲ್ಲಿ ಸೆರಗು, ನೆರಿಗೆ ಎತ್ತಿಹಿಡಿದು ನಡೆದ ನಮ್ಮ ಯಾವ ಹೆಂಗಸನ್ನು ಕೇಳಿದರೂ ಅಂಥ ಲಂಗದ ಸುಖ ಎಷ್ಟೆಂದು ಹೇಳುತ್ತಾಳೆ. ಓಹಾಯೋದ ಕ್ಯಾಂಟನ್‌ನಲ್ಲಿ, ಅಧ್ಯಕ್ಷರಾಗಿ ಆಯ್ಕೆಯಾದ ವಿಲಿಯಂ ಮೆಕಿನ್ಲೆ ಅವರನ್ನು ಕಂಡು ಸಹಿ ಪಡೆದರು.

ಡಿಸೆಂಬರ್ 23ರಂದು ನ್ಯೂಯಾರ್ಕ್ ಮುಟ್ಟಿದರು. ಗಡುವು ಮೀರಿತೆಂದು ಹೇಳಿ ಹಣ ಕೊಡಲಿಲ್ಲ. ಕ್ಲಾರಾಳ ಕಾಲು ಉಳುಕಿ ಹಾಳಾದ ದಿನಗಳನ್ನೂ ಲೆಕ್ಕಕ್ಕೆ ಬಿಡಲಿಲ್ಲ. ಊರಿಗೆ ಮರಳಲು ಕಾಸಿಲ್ಲ. ಚಳಿಗಾಲವಿಡೀ ಇಬ್ಬರೂ ಅಲ್ಲೇ ಸಿಕ್ಕಿಬಿದ್ದರು.

ಇನ್ನು ಮುಂದಿನದನ್ನು ಹೇಳಲು ನನಗೆ ಕಷ್ಟವಾಗುತ್ತದೆ. 1897ರ ಏಪ್ರಿಲ್‌ನಲ್ಲಿ ಮೈಕಾ ಕ್ರೀಕ್‌ನ ಮನೆಗೆ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಹೊಕ್ಕಿತು. ಮಗಳು ಬರ್ತಾ ಹೋದಳು. ಕೆಲವೇ ದಿನಗಳಲ್ಲಿ ಮಗ ಜಾನಿಯೂ ಹೋದ. ಓಲೆ ಉಳಿದ ಮಕ್ಕಳನ್ನು ಸೋಂಕಿನಿಂದ ದೂರವಿಡಲು ಹೊರಗಿನ ಕೊಟ್ಟಿಗೆಯಲ್ಲಿಟ್ಟು ಕಾಪಾಡಿದ. ತಾಯಿ ಖಂಡದ ಆ ತುದಿಯಲ್ಲಿದ್ದಳು. ಕೊನೆಗೆ ರೈಲ್ವೆಯ ದೊಡ್ಡ ಕುಳ ಚಾನ್ಸಿ ಡೆಪ್ಯೂ ಕೊಡಿಸಿದ ಪಾಸಿನ ಮೇಲೆ ತಾಯಿ ಮಗಳು ಮನೆಯ ಕಡೆ ಹೊರಟರು.

ಮನೆಯಲ್ಲಿ ಉಳಿದ ಮಕ್ಕಳು ತಾಯಿಯನ್ನು ಕ್ಷಮಿಸಲಿಲ್ಲ. ನೆರೆಯ ನಾರ್ವೇಜಿಯನ್ನರೂ ಮಕ್ಕಳನ್ನು ಬಿಟ್ಟು ಹೋದವಳೆಂದು ಮುಖ ತಿರುಗಿಸಿದರು. ನಡಿಗೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಯಾವ ಜಮೀನಿಗಾಗಿ ನಡೆದಿದ್ದಳೋ ಅದೂ 1901ರಲ್ಲಿ ಕೈತಪ್ಪಿತು. ಸ್ಪೊಕೇನ್‌ಗೆ ಮರಳಿದ ಮೇಲೆ ಹೆಲ್ಗಾ ಹೆಂಗಸರ ಮತದಾನದ ಹಕ್ಕಿಗಾಗಿ ದುಡಿದಳು. 1910ರಲ್ಲಿ ವಾಷಿಂಗ್ಟನ್ ರಾಜ್ಯದ ಹೆಂಗಸರಿಗೆ ಆ ಹಕ್ಕು ಬಂದಾಗ ಆಕೆಗೆ ಐವತ್ತು. ಓಲೆ 1913ರಲ್ಲಿ ತೀರಿಕೊಂಡ. ಆಮೇಲೆ ಆಕೆ ಕೋಣೆಯಲ್ಲಿ ಕೂತು, ಯಾರೂ ಕೇಳದ ಕಥೆಯನ್ನು ಹಾಳೆಗಳಿಗೆ ಹೇಳಿದಳು.

ಪೀಪಾಯಿಯ ಬೆಂಕಿಯ ವಿಷಯ ಕೇಳಿದವರೆಲ್ಲ ಆ ಹೆಣ್ಣುಮಕ್ಕಳನ್ನು ಬೈಯುತ್ತಾರೆ. ನಾನೂ ಮೊದಲು ಬೈದೆ. ಈಗ ಬೈಯಲಾರೆ. ಒಡಹುಟ್ಟಿದವರಿಬ್ಬರು ಉಸಿರುಗಟ್ಟಿ ಸಾಯುವ ಹೊತ್ತಿಗೆ ತಾಯಿ ಮನೆಯಲ್ಲಿರಲಿಲ್ಲ. ಕೊಟ್ಟಿಗೆಯ ಚಳಿ ಕಂಡ ಮನೆಗೆ ಆ ಹಾಳೆಗಳು ಸಾಹಸದ ಕಥೆಯಾಗಿ ಕಾಣಲು ಹೇಗೆ ಸಾಧ್ಯ? ಹಾಗೆಂದು ಹೆಲ್ಗಾಳ ತಪ್ಪೆಂದೂ ನಾನು ಒಪ್ಪುವುದಿಲ್ಲ. ಆಕೆ ಹೊರಟದ್ದು ಅದೇ ಮಕ್ಕಳ ತಲೆಯ ಮೇಲಿನ ಸೂರು ಉಳಿಸಲು. ಮಾತು ಕೊಟ್ಟವರು ಹಣ ಕೊಟ್ಟಿದ್ದರೆ ಆಕೆ ಜನವರಿಗೇ ಮನೆಯಲ್ಲಿರುತ್ತಿದ್ದಳು. ಈಗ ಆಕೆಯನ್ನು ಖಂಡ ನಡೆದ ವೀರವನಿತೆ ಎಂದು ಕೊಂಡಾಡುವವರು ಹೆಚ್ಚು. ಆ ಎರಡು ಸಣ್ಣ ಸಮಾಧಿಗಳನ್ನು ಬಿಟ್ಟು ಕೊಂಡಾಡಿದರೆ ಅದು ಆಕೆಯ ನೆನಪಾಗುವುದಿಲ್ಲ. ನಡಿಗೆಯೂ ಆಕೆಯದೇ, ಸಂಕಟವೂ ಆಕೆಯದೇ.

ಸೊಸೆ ಎತ್ತಿಟ್ಟ ತುಣುಕುಗಳು ಸಂಸಾರದಲ್ಲಿ ಕೈಯಿಂದ ಕೈಗೆ ಬಂದವು. 1984ರಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ, ಹೆಲ್ಗಾಳ ಮರಿಮೊಮ್ಮಗನ ಪೀಳಿಗೆಯವನು, ಶಾಲಾಮಕ್ಕಳ ಇತಿಹಾಸ ಸ್ಪರ್ಧೆಗೆಂದು ಅಜ್ಜಿಯ ನಡಿಗೆಯ ಮೇಲೆ ಪ್ರಬಂಧ ಬರೆದ. ಅಲ್ಲಿಂದ ಅದು ಇತಿಹಾಸ ಬರೆಯುವವರ ಕಣ್ಣಿಗೆ ಬಿತ್ತು. ಊರೂರಿನ ಹಳೆಯ ಪತ್ರಿಕೆಗಳನ್ನು ಹುಡುಕಿ ಅವರು ಆ ದಾರಿಯನ್ನು ಮತ್ತೆ ಜೋಡಿಸಿದರು.

ಆ ಎರಡು ತುಣುಕುಗಳು ಮಿನಿಯಾಪೊಲಿಸ್‌ನ ಪತ್ರಿಕೆಗಳವು, 1897ರವು. ಊರಿಗೆ ಮರಳುವ ದಾರಿಯಲ್ಲಿ ತಾಯಿ ಮಗಳು ಅಲ್ಲಿ ಇಳಿದು ತಮ್ಮ ಕಥೆ ಹೇಳಿದ್ದರು. ಬರ್ತಾ ಮತ್ತು ಜಾನಿ ಆಗಲೇ ಮಣ್ಣಾಗಿದ್ದರು. ಅಂಥ ಹೊತ್ತಿನಲ್ಲೂ ಹೆಲ್ಗಾ ವರದಿಗಾರರ ಮುಂದೆ ಕೂತು ಹಳಿಗಳ, ಲಾವಾ ಕಲ್ಲುಗಳ, ಗಿಡ್ಡ ಲಂಗದ ಕಥೆಯನ್ನು ಹೇಳಿದಳು. ಮೈಕಾ ಕ್ರೀಕ್ ಇನ್ನೂ ಸಾವಿರ ಮೈಲಿಗೂ ಹೆಚ್ಚು ದೂರವಿತ್ತು.