ಒಬ್ಬರೇ ಬೇಡ ಅಂದ ಶೆಣೈ

[ಸ್ಕ್ರೀನ್ ಮೇಲೆ: ದೆಹಲಿ, 1955]

ಎರಡನೇ ಪಂಚವಾರ್ಷಿಕ ಯೋಜನೆಗೆ ತಯಾರಿ ನಡೆದಿದೆ. ಸಲಹೆ ಕೊಡಲು ಅರ್ಥಶಾಸ್ತ್ರಜ್ಞರ ಸಮಿತಿ ಕೂತಿದೆ. ಉಳಿದವರೆಲ್ಲ ಒಪ್ಪಿದರು. ಒಬ್ಬರು ಮಾತ್ರ ಭಿನ್ನಾಭಿಪ್ರಾಯದ ಟಿಪ್ಪಣಿ ಬರೆದುಕೊಟ್ಟರು. ಅವರು ಬಿ.ಆರ್. ಶೆಣೈ. ಹುಟ್ಟಿದ್ದು ಬೆಳ್ಳಿಕೋತ್‌ನಲ್ಲಿ. ಆಗ ಅದು ದಕ್ಷಿಣ ಕನ್ನಡ ಜಿಲ್ಲೆ, ಈಗ ಕಾಸರಗೋಡು.

ಅವರ ತಕರಾರು ಏನು? ಜನರ ಕೈಯಲ್ಲಿ ಉಳಿತಾಯ ಇರುವುದೇ ಇಷ್ಟು. ಅದನ್ನು ಮೀರಿ ಸರ್ಕಾರ ಖರ್ಚಿಗಿಳಿದರೆ ಬೆಲೆ ಏರುತ್ತದೆ. ಬೆಲೆ, ವ್ಯಾಪಾರದ ಮೇಲಿನ ಸರ್ಕಾರಿ ಕಂಟ್ರೋಲ್‌ಗಳನ್ನು ಹೆಚ್ಚಿಸುವ ಬದಲು ತೆಗೆಯಿರಿ ಅಂದರು. ಯಾರೂ ಕೇಳಲಿಲ್ಲ. ಕೊನೆಗೆ ಬಂದ ಯೋಜನೆಯಲ್ಲಿ ಸರ್ಕಾರಿ ಖರ್ಚು 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿ ಖೋತಾ ಹಣ, ಅಂದರೆ ಹೆಚ್ಚುಕಮ್ಮಿ ನೋಟು ಅಚ್ಚು ಹಾಕಿ ಹೊಂದಿಸುವ ದುಡ್ಡು! ಎರಡೇ ವರ್ಷಕ್ಕೆ ವಿದೇಶಿ ವಿನಿಮಯಕ್ಕೆ ತತ್ವಾರ ಬಂತು.

ಸರ್ಕಾರ ಕಾನೂನು ಕಾಪಾಡಲಿ, ವ್ಯಾಪಾರಕ್ಕೆ ಕೈ ಹಾಕದಿರಲಿ ಅನ್ನುವ ಈ ಹಳೇ ಉದಾರವಾದಕ್ಕೆ 1959ರಲ್ಲಿ ಒಂದು ಪಕ್ಷವೂ ಸಿಕ್ಕಿತು. 80 ವರ್ಷದ ರಾಜಾಜಿ, ಮಿನೂ ಮಸಾನಿ, ಎನ್.ಜಿ. ರಂಗಾ ಸೇರಿ ಕಟ್ಟಿದ ಸ್ವತಂತ್ರ ಪಕ್ಷ. ಕಾಂಗ್ರೆಸ್ಸು ನಾಗಪುರದಲ್ಲಿ ಸಹಕಾರಿ ಬೇಸಾಯದ, ಅಂದರೆ ರೈತರ ಜಮೀನು ಒಟ್ಟು ಸೇರಿಸಿ ಜಂಟಿಯಾಗಿ ಉಳುವ ನಿರ್ಣಯ ಮಾಡಿದ್ದೇ ಕಿಡಿ ಹೊತ್ತಿಸಿದ್ದು.

ರಾಜಾಜಿ ಬಯ್ಯುತ್ತಿದ್ದ ಪರ್ಮಿಟ್-ಲೈಸೆನ್ಸ್ ರಾಜ್ ಹೇಗಿತ್ತು ಗೊತ್ತಾ? ದೊಡ್ಡ ಕಾರ್ಖಾನೆ ಶುರು ಮಾಡಲು ಲೈಸೆನ್ಸ್. ಹೊಸ ಮಾಲು ತಯಾರಿಸಬೇಕಾ, ಮತ್ತೆ ಅರ್ಜಿ. ಕಾರ್ಖಾನೆಯನ್ನು ಬೇರೆ ಊರಿಗೆ ಸ್ಥಳಾಂತರಿಸಬೇಕಾ, ಅದಕ್ಕೂ ಅರ್ಜಿ. ಲೈಸೆನ್ಸ್‌ನಲ್ಲಿ ಬರೆದದ್ದಕ್ಕಿಂತ ಜಾಸ್ತಿ ತಯಾರಿಸಿದರೆ ಅದೇ ತಪ್ಪು! ಜಾಸ್ತಿ ದುಡಿದದ್ದಕ್ಕೆ ತಪ್ಪಿತಸ್ಥ ಆಗೋದು ಅಂದ್ರೆ ಇದೇ ಅಲ್ವಾ?

[ನಕ್ಷೆ: 1967ರ ಲೋಕಸಭೆ]

1967ರಲ್ಲಿ ಸ್ವತಂತ್ರ ಪಕ್ಷಕ್ಕೆ 44 ಸೀಟು, ಕಾಂಗ್ರೆಸ್ ಬಿಟ್ಟರೆ ಅದೇ ದೊಡ್ಡದು. ಉಡುಪಿಯಲ್ಲಿ ಗೆದ್ದವರು ಮಾಜಿ ಐಸಿಎಸ್ (ಬ್ರಿಟಿಷ್ ಕಾಲದ ಆಡಳಿತ ಸೇವೆ) ಅಧಿಕಾರಿ ಲೋಬೋ ಪ್ರಭು. 1971ರಲ್ಲಿ ಉಳಿದದ್ದು 8. 1974ರಲ್ಲಿ ಪಕ್ಷ ಚರಣ್ ಸಿಂಗ್ ಅವರ ಭಾರತೀಯ ಲೋಕದಳದಲ್ಲಿ ಕರಗಿಹೋಯಿತು.

ಈ ಸೋಲಿಗೆ 1971ರ ಇಂದಿರಾ ಅಲೆಯನ್ನೇ ದೂರಿದರೆ ಸಾಲದು. ಪಕ್ಷದ ವೇದಿಕೆ ಮೇಲೆ ಮಹಾರಾಜರು, ಜಮೀನ್ದಾರರು. ಅವರ ಬಾಯಲ್ಲಿ ಸ್ವಾತಂತ್ರ್ಯದ ಮಾತು ಗೇಣಿದಾರನಿಗೆ ಹೇಗೆ ಕೇಳಿಸಿರಬೇಕು! ಉಳುವವನಿಗೆ ಭೂಮಿ ಅನ್ನುವ ಕಾಲ ಅದು. ಆಸ್ತಿಯ ಹಕ್ಕಿನ ವಾದ ಆಸ್ತಿ ಇದ್ದವರ ವಾದದಂತೆಯೇ ಕಂಡಿತು ಅನ್ನುವುದು ನನ್ನ ಲೆಕ್ಕ.

ಶೆಣೈ 1978ರಲ್ಲಿ ತೀರಿಕೊಂಡರು. 1991ರ ಜುಲೈನಲ್ಲಿ 18 ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆಲ್ಲ ಲೈಸೆನ್ಸ್ ರದ್ದಾಯಿತು. ರದ್ದು ಮಾಡಿದ್ದು ಕಾಂಗ್ರೆಸ್ ಸರ್ಕಾರವೇ, ಅದೂ ವಿದೇಶಿ ವಿನಿಮಯ ಬರಿದಾದ ಮೇಲೆ.

ಉಡುಪಿ ಕಡೆ 67ರ ಎಲೆಕ್ಷನ್ ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ: ಲೋಬೋ ಪ್ರಭುಗೆ ಓಟು ಹಾಕಿದ್ದು ಯಾಕೆ? ಕಾಮೆಂಟ್‌ನಲ್ಲಿ ಬರೆಯಿರಿ.